ಬೆಳಗ್ಗೆ ಕೈ ಸಡಿಲವಾಗಲು ಎಷ್ಟು ಹೊತ್ತು ಬೇಕು? ಉಡುಪಿ ಜಿಲ್ಲಾ ಆರೋಗ್ಯಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರಿಗೆ,
ಉಡುಪಿ

ಮಾನ್ಯರೇ,

ಬ್ರಹ್ಮಾವರದಿಂದ ಸ್ವಲ್ಪ ಒಳಗಿರುವ ಸಣ್ಣ ಪೇಟೆಯೊಂದರಲ್ಲಿ ನಾನು ಇಪ್ಪತ್ತಮೂರು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಊರವರ ಬಾಯಲ್ಲಿ ಅದು ಬರೀ ‘ಮೆಡಿಕಲ್’. ನನ್ನನ್ನು ‘ಡಾಕ್ಟರೇ’ ಎಂದು ಕರೆಯುವವರೂ ಇದ್ದಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಿದ್ದೇನೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದ ವಸ್ತು ಎಂದರೆ ಕತ್ತರಿ. ಹತ್ತು ಮಾತ್ರೆಯ ಸ್ಟ್ರಿಪ್‌ನಿಂದ ಎರಡು ಕತ್ತರಿಸಿ ಕೊಡಿ, ನಾಲ್ಕು ಕತ್ತರಿಸಿ ಕೊಡಿ, ಉಳಿದದ್ದು ಸಂಬಳ ಬಂದ ಮೇಲೆ. ಹೀಗೆ ಕತ್ತರಿಸಿ ಕೊಟ್ಟದ್ದರಲ್ಲಿ ಹೆಚ್ಚಿನದೂ ನೋವಿನ ಮಾತ್ರೆ. ಯಾರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಎರಡು ಒಯ್ಯುತ್ತಿದ್ದವರು ಯಾವಾಗ ಆರಕ್ಕೆ ಏರಿದರು ಎಂಬ ಲೆಕ್ಕ ನನ್ನ ತಲೆಯಲ್ಲಿದೆ. ಅದು ಯಾವ ಕಚೇರಿಯ ಕಡತಕ್ಕೂ ಹೋಗುವ ಲೆಕ್ಕವಲ್ಲ. ಆದ್ದರಿಂದ ಈ ಪತ್ರ.

ಇದು ಅರ್ಧ ಮನವಿ, ಅರ್ಧ ತಪ್ಪೊಪ್ಪಿಗೆ. ಮೊದಲು ತಪ್ಪೊಪ್ಪಿಗೆಯನ್ನು ಮುಗಿಸಿಬಿಡುತ್ತೇನೆ.

ನನ್ನ ಅಕ್ಕ ಬೀಡಿ ಕಟ್ಟುತ್ತಿದ್ದಳು. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ವಿವರಿಸುತ್ತೇನೆ, ಏಕೆಂದರೆ ಅವಳ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಆ ಕೆಲಸದ ಒಂದು ಸಣ್ಣ ಚಲನೆಯಲ್ಲಿ. ಒದ್ದೆ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತಿದ ಮೇಲೆ ಅದರ ಬಾಯನ್ನು ಒಳಕ್ಕೆ ಒತ್ತಿ ಮಡಚಬೇಕು, ಆಮೇಲೆ ನೂಲು. ದಿನಕ್ಕೆ ಎಂಟುನೂರು ಕಟ್ಟುವವಳಿಗೆ ಈ ಮಡಚುವುದು ಉಸಿರಾಡಿದ ಹಾಗೆ; ಟಿವಿ ನೋಡುತ್ತಾ, ಮಕ್ಕಳನ್ನು ಗದರುತ್ತಾ ಕೈ ತನ್ನಷ್ಟಕ್ಕೆ ಮಾಡುತ್ತಿರುತ್ತದೆ. 2009ರ ಮಳೆಗಾಲದಲ್ಲಿ ಅವಳಿಗೆ ಬೆಳಗಿನ ಹೊತ್ತು ಅದು ಸಾಧ್ಯವಾಗದೆ ಹೋಯಿತು. ಹೆಬ್ಬೆರಳು ತೋರುಬೆರಳು ಒಂದನ್ನೊಂದು ಒತ್ತಲು ಒಪ್ಪುತ್ತಿರಲಿಲ್ಲ. ಪಾತ್ರೆ, ಬಟ್ಟೆ ಎಲ್ಲ ಮುಗಿದು ಹತ್ತೂವರೆ ಆಗುವಷ್ಟರಲ್ಲಿ ಕೈ ತಾನಾಗಿ ಸಡಿಲವಾಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಬೀಡಿಯ ಮೊರವನ್ನು ಮೊದಲು ಮಧ್ಯಾಹ್ನಕ್ಕೆ, ಆಮೇಲೆ ರಾತ್ರಿಗೆ ಸರಿಸಿಕೊಂಡಳು. ಕಟ್ಟು ಸಡಿಲ ಎಂದು ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬೀಡಿ ವಾಪಸು ಬರತೊಡಗಿದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು.

ನಾನು ಕೊಟ್ಟದ್ದು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ. ಮೂರು ವರ್ಷ ಕೊಟ್ಟೆ. ವೈದ್ಯರ ಚೀಟಿ ಕೇಳಲಿಲ್ಲ; ಸ್ವಂತ ಅಕ್ಕನ ಹತ್ತಿರ ಯಾರು ಚೀಟಿ ಕೇಳುತ್ತಾರೆ? (ಈ ಸಾಲು ಓದಿ ಔಷಧ ನಿಯಂತ್ರಣ ಇಲಾಖೆಯವರು ನೋಟಿಸ್ ಕೊಡುವುದಾದರೆ ಕೊಡಲಿ, ತಕರಾರಿಲ್ಲ.) “ದಿನವಿಡೀ ಕೂತು ಬೀಡಿ ಕಟ್ಟಿದರೆ ಕೈ ನೋಯದೆ ಇರುತ್ತದೆಯೇ ಅಕ್ಕಾ” ಎಂದು ಹೇಳಿದವನೂ ನಾನೇ. ಸ್ವಲ್ಪ ಯೋಚಿಸಿದ್ದರೆ ಆ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು. ದುಡಿದ ಕೈ ಸಂಜೆ ನೋಯಬೇಕು. ಅವಳದು ರಾತ್ರಿಯಿಡೀ ಸುಮ್ಮನಿದ್ದು ಬೆಳಗ್ಗೆ ನೋಯುತ್ತಿತ್ತು. ಕೆಲಸ ಮಾಡಿದಷ್ಟೂ ಕಡಿಮೆಯಾಗುತ್ತಿತ್ತು. ಕಣ್ಣೆದುರಿಗಿದ್ದ ಈ ತಿರುಗುಮುರುಗನ್ನು ಡಿ.ಫಾರ್ಮ ಓದಿದ ತಮ್ಮ ನೋಡಲಿಲ್ಲ.

ನಾನೊಬ್ಬನೇ ಅಲ್ಲ, ಅಷ್ಟು ಸಮಾಧಾನ. ಒಂದು ಕಡೆ ಎಕ್ಸ್‌ರೇ ತೆಗೆದರು: ಮೂಳೆ ಚೆನ್ನಾಗಿದೆ, ಏನೂ ಇಲ್ಲ. ಇನ್ನೊಂದು ಕಡೆ, ಹಿಂದಿನ ವರ್ಷ ಜಿಲ್ಲೆಯಲ್ಲೆಲ್ಲ ಚಿಕುನ್‌ಗುನ್ಯಾ ಹಬ್ಬಿತ್ತಲ್ಲ, ಅದರ ಬಾಕಿ ಇದು ಎಂದರು. ಆಗ ಕರಾವಳಿಯಲ್ಲಿ ಯಾವ ಗಂಟು ನೋವಿಗೂ ಚಿಕುನ್‌ಗುನ್ಯಾ ಎಂಬ ಒಂದೇ ಉತ್ತರವಿತ್ತು. ಆ ವೈರಸ್ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕೀಲು ನೋವು ಉಳಿಸಿಹೋಗುವುದು ನಿಜ. ಆದರೆ ಅಕ್ಕನಿಗೆ ಜ್ವರವೇ ಬಂದಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ಮೂರನೆಯ ಕಡೆ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂತು, ಆದ್ದರಿಂದ ವಾತ ಅಲ್ಲ ಎಂದು ಬರೆದರು. ನಾಲ್ಕನೆಯ ಕಡೆ ಬರೆದುಕೊಟ್ಟದ್ದು ನಿದ್ರೆ ಮಾತ್ರೆ. “ಮನೆಯಲ್ಲಿ ಏನಾದರೂ ಚಿಂತೆ ಇದೆಯಾ ಅಮ್ಮಾ?” ಎಂದು ಕೇಳಿದರಂತೆ. ಇತ್ತು. ಕೈ ನಡೆಯುತ್ತಿರಲಿಲ್ಲ, ಅದೇ ಚಿಂತೆ.

ಈ ನಡುವೆ ಅಮ್ಮ ಜೋಯಿಸರಲ್ಲಿ ಪ್ರಶ್ನೆ ಇರಿಸಿ, ನಾಗನಿಗೆ ತಂಬಿಲ ಸೇವೆ ಮಾಡಿಸಿದರು. ನಾನು ಆಗ ಮುಖ ಸಿಂಡರಿಸಿದ್ದೆ. ಈಗ ಅನಿಸುವುದು ಬೇರೆ. ಅಷ್ಟು ಬಾಗಿಲುಗಳಲ್ಲಿ ‘ಏನೂ ಇಲ್ಲ’ ಎನ್ನದೆ ‘ಏನೋ ಇದೆ’ ಎಂದವರು ಜೋಯಿಸರೊಬ್ಬರೇ.

2012ರಲ್ಲಿ ಒಬ್ಬ ವೈದ್ಯೆ ಅಕ್ಕನ ಅಂಗೈಯನ್ನು ಎರಡೂ ಬದಿಯಿಂದ ಹಿಡಿದು, ಬೆರಳುಗಳ ಬುಡದ ಗೆಣ್ಣುಗಳನ್ನು ಮೆಲ್ಲಗೆ ಒತ್ತಿದರು. ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು. ಆಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು: “ಬೆಳಗ್ಗೆ ಎದ್ದ ಮೇಲೆ ಕೈ ಸಡಿಲವಾಗಲು ಎಷ್ಟು ಹೊತ್ತು ಬೇಕು?” ಪಕ್ಕದಲ್ಲಿ ನಾನಿದ್ದೆ. ಒತ್ತಿ ನೋಡುವುದು, ಪ್ರಶ್ನೆ, ಉತ್ತರ ಎಲ್ಲ ಸೇರಿ ಒಂದು ನಿಮಿಷ ಆಗಿರಲಾರದು. ಆಂಟಿ ಸಿಸಿಪಿ ಎಂಬ ರಕ್ತಪರೀಕ್ಷೆ ಬರೆದರು. ಬಂದ ಅಂಕಿ ಮಾಮೂಲಿ ಮಿತಿಯ ಹಲವು ಪಟ್ಟು. ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳನ್ನು ಕೆಡಿಸುವ ಸಂಧಿವಾತ. ಹೊಸ ಎಕ್ಸ್‌ರೇಯಲ್ಲಿ ಗೆಣ್ಣಿನ ಮೂಳೆಯ ಅಂಚು ಗೆದ್ದಲು ತಿಂದ ಹಾಗೆ ಕಾಣುತ್ತಿತ್ತು. ಮೂರು ವರ್ಷದ ಹಿಂದೆ ‘ಏನೂ ಇಲ್ಲ’ ಎಂದದ್ದು ಆ ದಿನಕ್ಕೆ ಸುಳ್ಳಲ್ಲ. ಎಕ್ಸ್‌ರೇ ಮೂಳೆಯನ್ನು ನೋಡುತ್ತದೆ. ಈ ಕಾಯಿಲೆ ಶುರುವಾಗುವುದು ಕೀಲಿನ ಒಳಪದರದಲ್ಲಿ. ಮೂಳೆ ಸವೆದು ಎಕ್ಸ್‌ರೇಯಲ್ಲಿ ಕಾಣುವ ತನಕ ಕಾಯುವುದೆಂದರೆ ಮನೆ ಸುಟ್ಟ ಮೇಲೆ ಬೂದಿ ನೋಡಿ ಬೆಂಕಿ ಹೌದೆಂದು ಒಪ್ಪಿಕೊಂಡ ಹಾಗೆ.

ತಪ್ಪೊಪ್ಪಿಗೆ ಇಲ್ಲಿಗೆ ಮುಗಿಯಿತು. ಇನ್ನು ನಾನು ಆಮೇಲೆ ಓದಿ ತಿಳಿದದ್ದು. ನೀವು ವೈದ್ಯರು, ನಿಮಗೆ ಹೊಸದಲ್ಲ. ಆದರೆ ಇದು ಬಹಿರಂಗ ಪತ್ರ, ಓದುವ ಬೇರೆಯವರೂ ಇದ್ದಾರೆ.

ಹೊರಗಿನ ರೋಗಾಣುವನ್ನು ಹೊಡೆಯಬೇಕಾದ ರೋಗನಿರೋಧಕ ವ್ಯವಸ್ಥೆ ಸ್ವಂತ ಮೈಯ ಮೇಲೆ ತಿರುಗಿ ಬೀಳುವುದಕ್ಕೆ ಆಟೋಇಮ್ಯೂನ್ ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದು. ಹೀಗೆ ಆಗಲಿಕ್ಕೆ ಸಾಧ್ಯ ಎಂಬುದನ್ನು ವೈದ್ಯಶಾಸ್ತ್ರವೂ ಸುಲಭದಲ್ಲಿ ನಂಬಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್, ದೇಹ ತನಗೆ ತಾನೇ ವಿಷವಾಗುವುದನ್ನು ದೇಹವೇ ತಡೆಯುತ್ತದೆ ಎಂದು ಹೇಳಿದರು. ದೊಡ್ಡವರ ಮಾತು, ಅದಕ್ಕೆ ಒಗ್ಗದ ಪುರಾವೆಗಳು ನಡುನಡುವೆ ಬಂದರೂ ಹೆಚ್ಚಿನವರು ಅದನ್ನೇ ಹಿಡಿದು ಕೂತರು. 1956ರಲ್ಲಿ ಅಮೆರಿಕದ ನೋಯಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲದ ಸ್ವಂತ ಥೈರಾಯ್ಡಿನ ವಿರುದ್ಧವೇ ಮೊಲದ ದೇಹ ಪ್ರತಿಕಾಯ (ರೋಗಾಣುವಿಗೆ ಅಂಟಿಕೊಂಡು ಹೊಡೆಯಲು ದೇಹ ತಯಾರಿಸುವ ಪ್ರೋಟೀನು) ತಯಾರಿಸುವಂತೆ ಮಾಡಿ ತೋರಿಸಿದ ಮೇಲೆ ಬಾಗಿಲು ತೆರೆಯಿತು. ಶಾಸ್ತ್ರಕ್ಕೇ ಅರ್ಧ ಶತಮಾನ ಹಿಡಿದಿದೆ. ನನ್ನ ಮೂರು ವರ್ಷಕ್ಕೆ ಇದು ಸಬೂಬಲ್ಲ.

ಆಂಟಿ ಸಿಸಿಪಿ ಪರೀಕ್ಷೆ ಹುಡುಕುವುದೂ ಇಂಥ ಪ್ರತಿಕಾಯಗಳನ್ನೇ; ಅಕ್ಕನಂಥವರ ರಕ್ತದಲ್ಲಿ ಅವು ಕೀಲು ಊದುವುದಕ್ಕೆ ವರ್ಷಗಳ ಮೊದಲೇ ಇರಬಹುದು. ನೆದರ್ಲೆಂಡ್ಸ್‌ನಲ್ಲಿ ಮುಂದೆ ಈ ಕಾಯಿಲೆಗೆ ತುತ್ತಾದ ರಕ್ತದಾನಿಗಳ ಹಳೆಯ ಮಾದರಿಗಳನ್ನು ಹೊರತೆಗೆದು ನೋಡಿದಾಗ ಇದು ಗೊತ್ತಾಯಿತು. ಇನ್ನೊಂದು ಸಂಗತಿ ನನ್ನನ್ನು ಕುಳಿತಲ್ಲೇ ಕೂರಿಸಿತು. 2016ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ರೋಗಿಗಳ ಈ ಪ್ರತಿಕಾಯಗಳನ್ನು ಇಲಿಗಳಿಗೆ ಕೊಟ್ಟರು. ಇಲಿಗಳ ಕೀಲು ಊದಲಿಲ್ಲ, ಕೆಂಪಾಗಲಿಲ್ಲ. ಆದರೆ ನೋವು ಬಂತು. ಪ್ರತಿಕಾಯಗಳು ಮೂಳೆ ಕರಗಿಸುವ ಜೀವಕೋಶಗಳಿಗೆ ಅಂಟಿಕೊಂಡು, ಅವುಗಳಿಂದ ನರವನ್ನು ಕೆರಳಿಸುವ ರಾಸಾಯನಿಕ ಹೊರಬರುವಂತೆ ಮಾಡುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಅಂದರೆ ಊತಕ್ಕಿಂತ ಮೊದಲು ನೋವು ಬರಬಹುದು. “ಊದಿಲ್ಲ ಕಣೋ, ಆದರೆ ಒಳಗಿನಿಂದ ಯಾರೋ ಹಿಂಡಿದ ಹಾಗೆ ಆಗುತ್ತದೆ” ಎಂದು ಅಕ್ಕ 2009ರಲ್ಲಿ ಹೇಳುತ್ತಿದ್ದಳು. ಊತ ಇಲ್ಲವಲ್ಲ ಎಂದು ನಾನು ಕತ್ತರಿ ಎತ್ತಿಕೊಳ್ಳುತ್ತಿದ್ದೆ.

ಹೊಗೆ ಸೇದುವವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು. ಹೊಗೆಯಿಂದ ಶ್ವಾಸಕೋಶದಲ್ಲಿ ಪ್ರೋಟೀನುಗಳ ಸ್ವರೂಪ ಬದಲಾಗಿ, ಅವನ್ನು ಪರಕೀಯವೆಂದು ತಿಳಿದು ಪ್ರತಿಕಾಯ ಹುಟ್ಟುತ್ತದೆ ಎಂಬ ವಾದಕ್ಕೆ ಬಲವಿದೆ. ಅಕ್ಕ ಲಕ್ಷಗಟ್ಟಲೆ ಬೀಡಿ ಕಟ್ಟಿದವಳು, ಒಂದನ್ನೂ ಸೇದಿದವಳಲ್ಲ. ಮನೆಯಲ್ಲಿ ಸೇದುತ್ತಿದ್ದ ಭಾವ ಗಟ್ಟಿಮುಟ್ಟಾಗಿದ್ದಾರೆ.

ಈಗ ಎರಡನೆಯವರ ಬಗ್ಗೆ. ಮಲ್ಪೆಯಿಂದ ಮೀನು ತಂದು ನಮ್ಮ ಕಡೆ ಮನೆಮನೆಗೆ ಮಾರುವ ಒಬ್ಬರು ಹತ್ತು ಗಂಟೆಯ ಹೊತ್ತಿಗೆ ಬುಟ್ಟಿಯನ್ನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಇಳಿಸುತ್ತಾರೆ. ಅವರಿಗೆ ಮೈಯೆಲ್ಲ ನೋವು. ಎಲ್ಲಿ ಎಂದು ಕೇಳಿದರೆ ಎಲ್ಲಿ ಇಲ್ಲ ಹೇಳಿ ಎನ್ನುತ್ತಾರೆ. ರಾತ್ರಿ ನಿದ್ರೆಯಿಲ್ಲ, ಬೆಳಗ್ಗೆ ಎದ್ದರೆ ಗದ್ದೆ ಉತ್ತು ಬಂದಷ್ಟು ಆಯಾಸ. ಮಂಜುಗಡ್ಡೆಯಲ್ಲಿಟ್ಟ ಬಂಗುಡೆ ಮುಟ್ಟಿದರೆ ಬೆರಳಲ್ಲಿ ಬೆಂಕಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಅವರ ವರದಿಗಳನ್ನು ನಾನು ಒಂದೊಂದಾಗಿ ನೋಡಿದ್ದೇನೆ. ಮೈಯಲ್ಲಿ ಉರಿಯೂತ ಇದೆಯೇ ಎಂದು ನೋಡುವ ಇಎಸ್‌ಆರ್, ಸಿಆರ್‌ಪಿ, ಮತ್ತೆ ಥೈರಾಯ್ಡ್, ಎಕ್ಸ್‌ರೇ, ಎಲ್ಲವೂ ಸರಿ. ಆಂಟಿ ಸಿಸಿಪಿಯೂ ನೆಗೆಟಿವ್. ಫೈಬ್ರೋಮಯಾಲ್ಜಿಯ ಎಂದು ಕೊನೆಗೊಬ್ಬರು ಬರೆದರು. ಅದನ್ನು ತೋರಿಸಿ ಅವರು ನನ್ನನ್ನು ಕೇಳಿದ್ದು: “ಡಾಕ್ಟರೇ, ಇದು ರೋಗದ ಹೆಸರಾ, ಇಲ್ಲ ಸುಳ್ಳು ಹೇಳುವವರಿಗೆ ಇಟ್ಟ ಹೆಸರಾ?”

2021ರ ತನಕ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಆ ವರ್ಷ ಲಂಡನ್ನಿನ ಕಿಂಗ್ಸ್ ಕಾಲೇಜ್, ಲಿವರ್‌ಪೂಲ್ ವಿಶ್ವವಿದ್ಯಾಲಯ ಮತ್ತು ಅದೇ ಕರೋಲಿನ್‌ಸ್ಕಾ ಸಂಸ್ಥೆಯವರು ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಫೈಬ್ರೋಮಯಾಲ್ಜಿಯ ಇರುವವರ ರಕ್ತದಿಂದ ಐಜಿಜಿ ಎಂಬ ಪ್ರತಿಕಾಯಗಳನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿದರು. ಇಲಿಗಳಿಗೆ ಸಣ್ಣ ಒತ್ತಡವೂ ಚಳಿಯೂ ಅಸಹನೀಯವಾಯಿತು, ಓಡಾಟ ತಗ್ಗಿತು, ಕಾಲಿನ ಹಿಡಿತ ಸಡಿಲವಾಯಿತು. ಆರೋಗ್ಯವಂತರ ಪ್ರತಿಕಾಯ ಕೊಟ್ಟ ಇಲಿಗಳಿಗೆ ಏನೂ ಆಗಲಿಲ್ಲ. ರೋಗಿಗಳದೇ ರಕ್ತದ್ರವದಿಂದ ಐಜಿಜಿಯನ್ನು ತೆಗೆದುಹಾಕಿ ಉಳಿದದ್ದನ್ನು ಕೊಟ್ಟಾಗಲೂ ಏನೂ ಆಗಲಿಲ್ಲ. ಕೆಲವು ವಾರಗಳಲ್ಲಿ ಪ್ರತಿಕಾಯ ಮೈಯಿಂದ ಕಳೆದುಹೋದಂತೆ ಇಲಿಗಳು ಚೇತರಿಸಿಕೊಂಡವು. ಆ ಪ್ರತಿಕಾಯಗಳು ಹೋಗಿ ಕೂತಿದ್ದು ಸ್ನಾಯುವಿನಲ್ಲೂ ಅಲ್ಲ, ಕೀಲಿನಲ್ಲೂ ಅಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ನೋವಿನ ಸುದ್ದಿ ಒಯ್ಯುವ ನರಕೋಶಗಳನ್ನು ಸುತ್ತುವರಿದಿರುವ ಪೋಷಕ ಕೋಶಗಳ ಮೇಲೆ.

ಇಲ್ಲಿ ಬೇಲಿಯ ಗಾದೆ ಸಾಲದು. ಈ ಬೇಲಿ ಹೊಲ ಮೇಯುತ್ತಿಲ್ಲ. ನಮ್ಮ ಕಡೆ ಕಾಡುಹಂದಿ ಬಂದರೆ ತಿಳಿಯಲೆಂದು ಬೇಲಿಯ ತಂತಿಗೆ ಖಾಲಿ ಡಬ್ಬ ಕಟ್ಟುತ್ತಾರಲ್ಲ, ಆ ತಂತಿಗೇ ಯಾರೋ ಒರಗಿ ನಿಂತಿದ್ದಾರೆ. ಹಂದಿ ಇಲ್ಲ, ಬೆಳೆ ಹಾಗೆಯೇ ಇದೆ, ಟಾರ್ಚ್ ಹಿಡಿದು ಹೋದವರಿಗೆ ಏನೂ ಕಾಣುವುದಿಲ್ಲ. ಆದರೆ ಡಬ್ಬ ರಾತ್ರಿಯಿಡೀ ಬಡಿದುಕೊಳ್ಳುತ್ತಿದೆ, ಮನೆಯವರಿಗೆ ನಿದ್ರೆಯಿಲ್ಲ. ಸ್ಕ್ಯಾನಿಂಗ್ ಯಂತ್ರ ಬೆಳೆಯ ಫೋಟೊ ತೆಗೆಯುತ್ತದೆ. ಸದ್ದಿನ ಫೋಟೊ ತೆಗೆಯುವುದಿಲ್ಲ.

ಇದನ್ನೆಲ್ಲ ಮೀನಿನವರಿಗೆ ಹೇಳಿದೆ. ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: “ಹಾಗಾದರೆ ಔಷಧ?” ಇಲಿಯಲ್ಲಿ ಕಂಡದ್ದು ಇನ್ನೂ ಆಸ್ಪತ್ರೆಯ ಪರೀಕ್ಷೆಯಾಗಿಲ್ಲ, ಚಿಕಿತ್ಸೆಯೂ ಆಗಿಲ್ಲ. ಪೆಟ್ಟಾದ ಕೈಯೋ ಕಾಲೋ ಗಾಯ ಮಾಗಿದ ಮೇಲೂ ಉರಿಯುತ್ತಲೇ ಇರುವ ಸಿಆರ್‌ಪಿಎಸ್ ಎಂಬ ಇನ್ನೊಂದು ಸ್ಥಿತಿಯಲ್ಲೂ ಇಂಥದೇ ಪ್ರತಿಕಾಯದ ಸುಳಿವು ಸಿಕ್ಕಿತ್ತು. 2010ರಲ್ಲಿ ಕೆಲವೇ ರೋಗಿಗಳ ಮೇಲೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಪ್ರಯತ್ನಿಸಿದಾಗ ಗುಣ ಕಂಡಿತ್ತು. 2017ರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಪ್ರಯೋಜನವಾಗಲಿಲ್ಲ. ಹಾಗಾಗಿ ನಾನು ಆಕೆಗೆ ಗುಣದ ಆಸೆ ಹುಟ್ಟಿಸಲಿಲ್ಲ. “ಸುಳ್ಳು ಹೇಳುವವರಿಗೆ ಇಟ್ಟ ಹೆಸರಲ್ಲ” ಎಂದಷ್ಟೇ ಹೇಳಿದೆ. ಆಕೆ ಬುಟ್ಟಿಯ ಮೇಲಿನ ಬಟ್ಟೆ ಸರಿಪಡಿಸುತ್ತಾ ಸ್ವಲ್ಪ ಹೊತ್ತು ಕೂತಿದ್ದರು. ಆ ದಿನ ಮಾತ್ರೆ ಒಯ್ಯಲಿಲ್ಲ, ಮರುದಿನ ಒಯ್ದರು.

ಹೆಂಗಸರ ನೋವನ್ನು ಮನಸ್ಸಿನ ಖಾತೆಗೆ ಬರೆದುಬಿಡುವ ಅಭ್ಯಾಸದ ಬಗ್ಗೆ ಒಂದು ಮಾತು. ರುಮಟಾಯ್ಡ್ ಆರ್ಥ್ರೈಟಿಸ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು; ಚರ್ಮ, ಕೀಲು, ಮೂತ್ರಪಿಂಡಗಳನ್ನು ಕಾಡುವ ಲೂಪಸ್ ಎಂಬ ಇನ್ನೊಂದು ಆಟೋಇಮ್ಯೂನ್ ಕಾಯಿಲೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರೇ. ಹೆಂಗಸರಲ್ಲಿರುವ ಎರಡು ಎಕ್ಸ್ ಕ್ರೋಮೋಸೋಮುಗಳಲ್ಲಿ ಒಂದನ್ನು ಸುಮ್ಮನಿರಿಸುವ ಎಕ್ಸಿಸ್ಟ್ ಎಂಬ ಅಣುವೇ ಪ್ರತಿಕಾಯಗಳನ್ನು ಕೆರಳಿಸಬಲ್ಲದು ಎಂದು 2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಲಿಗಳಲ್ಲಿ ತೋರಿಸಿದ್ದಾರೆ. ಮನೆಯಲ್ಲಿ ಚಿಂತೆ ಇದೆಯಾ ಎಂದು ಕೇಳುವುದು ತಪ್ಪಲ್ಲ. ಅದೊಂದನ್ನೇ ಕೇಳಿ ಕಳುಹಿಸುವುದು ತಪ್ಪು.

ಇದನ್ನು ಓದಿದವರು ನಾಳೆಯೇ ಓಡಿಹೋಗಿ ಎಲ್ಲ ನೋವಿಗೂ ಆಟೋಇಮ್ಯೂನ್ ಪರೀಕ್ಷೆ ಮಾಡಿಸಬೇಡಿ ಎಂದೂ ಇಲ್ಲೇ ಹೇಳಬೇಕು. ಅರುವತ್ತು ದಾಟಿದವರ ಮಂಡಿ ನೋವು ಹೆಚ್ಚಾಗಿ ಸವೆತದ್ದು. ಸ್ವಂತ ಮೈಯ ವಿರುದ್ಧದ ಪ್ರತಿಕಾಯ ಹುಡುಕುವ ಎಎನ್‌ಎ ಎಂಬ ಪರೀಕ್ಷೆ ಪೂರ್ಣ ಆರೋಗ್ಯವಂತರಲ್ಲೂ ಪಾಸಿಟಿವ್ ಬರುವುದುಂಟು. ಲಕ್ಷಣವಿಲ್ಲದೆ ಆ ಕಾಗದ ಹಿಡಿದುಕೊಂಡು ನಿದ್ರೆಗೆಟ್ಟವರನ್ನು ನೋಡಿದ್ದೇನೆ. ಇನ್ನು ಕೊರೋನಾದ ನಂತರ ನನ್ನ ಅಂಗಡಿಗೂ ನುಗ್ಗಿದ ‘ಇಮ್ಯೂನಿಟಿ ಹೆಚ್ಚಿಸುವ’ ಕಷಾಯ, ಪುಡಿ, ಮಾತ್ರೆಗಳ ಸಾಲು. ಯಾರ ಸೈನ್ಯ ದಾರಿ ತಪ್ಪಿ ಸ್ವಂತ ಊರನ್ನೇ ಸುಡುತ್ತಿದೆಯೋ ಅವರಿಗೆ ಸೈನ್ಯ ಹೆಚ್ಚಿಸಿಕೊಳ್ಳಿ ಎಂದು ಮಾರುವುದು! ಕೊರತೆ ಇರುವುದು ಬಲದಲ್ಲಿ ಅಲ್ಲ, ಕಡಿವಾಣದಲ್ಲಿ. ಆ ಕಡಿವಾಣ ಹಿಡಿಯುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಗುರುತಿಸಿದ್ದಕ್ಕೇ 2025ರ ವೈದ್ಯಕೀಯ ನೊಬೆಲ್ ಮೇರಿ ಬ್ರುಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಗುಚಿ ಅವರಿಗೆ ಬಂತು.

ಬೆನ್ನು ನೋವಿನ ಹುಡುಗರ ವಿಷಯ ಬೇಗ ಹೇಳಿ ಮುಗಿಸುತ್ತೇನೆ.

ಬೋಟಿನಲ್ಲಿ ಬಲೆ ಎಳೆಯುವ ಇಪ್ಪತ್ತಾರರ ಹುಡುಗ ಸೊಂಟ ನೋವು ಎಂದರೆ ಭಾರ ಎತ್ತಿದ್ದು ಎಂದುಬಿಡುತ್ತೇವೆ. ನನ್ನ ಬೀಡಿ ತರ್ಕವೇ. ರಾತ್ರಿ ಮೂರು ಗಂಟೆಗೆ ನೋವಿನಿಂದ ಎದ್ದು ಅಂಗಳದಲ್ಲಿ ನಡೆದರೆ ಹಗುರವಾಗುತ್ತದೆ, ಮಲಗಿದರೆ ಜಾಸ್ತಿ ಎಂದು ಅವನು ಹೇಳಿದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನೆಲುಬಿನ ಕೀಲುಗಳ ಉರಿಯೂತ ಇರಬಹುದು. ಎಚ್‌ಎಲ್‌ಎ ಬಿ27 ಎಂಬ ಜೀನಿಗೂ ಇದಕ್ಕೂ ನಂಟಿರುವುದು 1973ರಲ್ಲೇ ಗೊತ್ತಾಗಿದೆ. ಬೆಲ್ಟ್ ಕಟ್ಟಿಸಿ ತಿಂಗಳುಗಟ್ಟಲೆ ಮಲಗಿಸುವುದು ಅವನಿಗೆ ಮಾಡುವ ಉಪಕಾರವಲ್ಲ.

ಇನ್ನು ನನ್ನ ಅಂಗಡಿಯಲ್ಲಿ ಸಿಗದ ಔಷಧದ ಬಗ್ಗೆ. ಹೆಸರಿಲ್ಲದ ಪೊಟ್ಟಣಗಳು. ಯಾರೋ ತಂದುಕೊಡುತ್ತಾರೆ, ನಾಟಿ ಔಷಧ ಎನ್ನುತ್ತಾರೆ, ಮೂರೇ ದಿನದಲ್ಲಿ ನೋವು ಮಾಯ. ತಿಂಗಳು ಕಳೆದರೆ ಮುಖ ದುಂಡಗಾಗುತ್ತದೆ, ಶುಗರ್ ಏರುತ್ತದೆ, ಚರ್ಮ ತೆಳುವಾಗಿ ಮುಟ್ಟಿದಲ್ಲಿ ನೀಲಿಗಟ್ಟುತ್ತದೆ. ನನ್ನ ವೃತ್ತಿಯವರಿಗೆ ಈ ಮುಖ ನೋಡಿದೊಡನೆ ಗೊತ್ತಾಗುತ್ತದೆ: ಸ್ಟೀರಾಯ್ಡ್. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ತಂಡದವರು ಅಕ್ಕನದೇ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಯುವತಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಪೇಟೆಗೆ ಹೋದಳು. 1950ರಲ್ಲಿ ನೊಬೆಲ್ ಬಂತು. ಅಷ್ಟರಲ್ಲೇ ಅದರ ಅಡ್ಡಪರಿಣಾಮಗಳೂ ಕಾಣತೊಡಗಿದ್ದವು. ಆ ಪವಾಡವನ್ನೇ ಅಳತೆ ಇಲ್ಲದೆ, ಹೆಸರು ಇಲ್ಲದೆ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದಾರೆ. ವೈದ್ಯರ ಕೈಯಲ್ಲಿ ಸ್ಟೀರಾಯ್ಡ್ ಒಳ್ಳೆಯ ಔಷಧ. ಪೊಟ್ಟಣದ ಅಪಾಯ ಎರಡು ಬಗೆಯದು. ತಿನ್ನುತ್ತಿದ್ದರೂ ಅಪಾಯ, ಒಮ್ಮೆಲೇ ಬಿಟ್ಟರೆ ಇನ್ನೂ ಅಪಾಯ. ಜನ ಅದರ ಹಿಂದೆ ಹೋಗುವುದು ಮೂಢನಂಬಿಕೆಯಿಂದ ಅಲ್ಲ. ನಾಲ್ಕು ಬಾಗಿಲುಗಳಲ್ಲಿ ‘ಏನೂ ಇಲ್ಲ’ ಎನಿಸಿಕೊಂಡು ಐದನೆಯ ಬಾಗಿಲಿಗೆ ಹೋಗುತ್ತಾರೆ, ಅಷ್ಟೇ.

ಈಗ ಮನವಿ.

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಪ್ರಶ್ನಾವಳಿ ತುಂಬಿಸುತ್ತಾರೆ. ಅಲ್ಲಿ ಆ ವೈದ್ಯೆಯ ಪ್ರಶ್ನೆಗೂ ಒಂದು ಸಾಲು ಕೊಡಿ. ಬೆಳಗ್ಗೆ ಎದ್ದ ಮೇಲೆ ಕೈಕಾಲು ಸಡಿಲವಾಗಲು ಅರ್ಧ ಗಂಟೆಗಿಂತ ಹೆಚ್ಚು ಬೇಕೇ? ಬೇಕು ಎಂದರೆ ಗೆಣ್ಣು ಒತ್ತಿ ನೋಡಲಿ. ಕಾಸಿನ ಖರ್ಚಿಲ್ಲ, ಯಂತ್ರ ಬೇಡ. ಕೀಲು ಊದಿದವರನ್ನು ಆರು ವಾರದೊಳಗೆ ಸಂಧಿವಾತ ತಜ್ಞರು ನೋಡಬೇಕು, ಮೂರು ತಿಂಗಳೊಳಗೆ ಕಾಯಿಲೆಯನ್ನೇ ಹತೋಟಿಗೆ ತರುವ ಔಷಧ ಶುರುವಾಗಬೇಕು ಎಂಬುದು ಯುರೋಪಿನ ತಜ್ಞರ ಒಕ್ಕೂಟದ ಶಿಫಾರಸು. ನಮಗೆ ಆರು ವಾರ ಆಗದಿದ್ದರೆ ಹನ್ನೆರಡಾಗಲಿ. ಮೂರು ವರ್ಷ ಬೇಡ.

ತಜ್ಞರು ಎಲ್ಲಿ ಎಂದು ನೀವು ಕೇಳಬಹುದು. ಮಣಿಪಾಲ, ಮಂಗಳೂರುಗಳಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಇ-ಸಂಜೀವಿನಿ ಎಂಬ ಸರಕಾರಿ ದೂರವೈದ್ಯ ವ್ಯವಸ್ಥೆಯೂ ಇದೆ. ವಾರಕ್ಕೊಂದು ದಿನ, ಎರಡು ಗಂಟೆ, ಸರಕಾರಿ ವ್ಯವಸ್ಥೆಯೊಳಗೆ ಒಬ್ಬ ಸಂಧಿವಾತ ತಜ್ಞರು ಮುಖತಃ ಅಥವಾ ಪರದೆಯ ಮೇಲೆ ಸಿಗುವಂತಾದರೆ ಸಾಕು. ಈಗಾಗಲೇ ಎಲ್ಲಾದರೂ ಸಿಗುತ್ತಿದ್ದರೆ ಯಾವ ದಿನ, ಎಷ್ಟು ಗಂಟೆಗೆ ಎಂದು ಪ್ರತಿಯೊಂದು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿ. ಬೆರಳು ಮಡಚದವರು ಬಸ್ಸಿನ ಸರಳು ಹಿಡಿದು ಹತ್ತುವುದೇ ಒಂದು ಸಾಹಸ. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು ಯಾರಿಗೂ ಕಾಯುವುದಿಲ್ಲ. ಹೋದ ದಿನ ತಜ್ಞರಿಲ್ಲ ಎಂದು ತಿರುಗಿ ಬರುವಂತಾಗಬಾರದು.

ಔಷಧದ ವಿಷಯದಲ್ಲಿ ನಾನು ಸ್ವಲ್ಪ ಅಧಿಕಾರದಿಂದ ಮಾತಾಡಬಹುದು. ಈ ಕಾಯಿಲೆಯನ್ನು ಹತೋಟಿಗೆ ತರುವ ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಯಾವುದೂ ಅಪರೂಪದ ವಸ್ತುವಲ್ಲ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವಂಥವು. ಇವು ತಾಲೂಕು ಆಸ್ಪತ್ರೆಗಳ ಔಷಧ ವಿಭಾಗದಲ್ಲಿ ತಪ್ಪದೆ ಸಿಗಲಿ, ನನ್ನ ವ್ಯಾಪಾರ ಹೋದರೂ ಚಿಂತೆಯಿಲ್ಲ. ಆರೋಗ್ಯ ಯೋಜನೆಗಳು ಮುಖ್ಯವಾಗಿ ದಾಖಲಾದವರ ಖರ್ಚು ನೋಡಿಕೊಳ್ಳುತ್ತವೆ. ಈ ಕಾಯಿಲೆಯವರು ದಾಖಲಾಗುವವರಲ್ಲ, ತಿಂಗಳು ತಿಂಗಳು ಮಾತ್ರೆ ಕೊಳ್ಳುವವರು.

ಮೆಥೋಟ್ರೆಕ್ಸೇಟ್ ಬಗ್ಗೆ ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಕೀಲಿನ ಕಾಯಿಲೆಗೆ ಅದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೊಮ್ಮೆ, ದಿನಕ್ಕೊಮ್ಮೆ ಅಲ್ಲ. ದಿನಾ ನುಂಗಿದರೆ ಬಾಯಲ್ಲಿ ಹುಣ್ಣೇಳುತ್ತದೆ, ರಕ್ತಕಣ ಕುಸಿಯುತ್ತದೆ, ಸಾವೂ ಬರಬಹುದು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚಿದ್ದನ್ನು ಓದಲಾಗದೆ ಒಬ್ಬರು ಒಂಬತ್ತು ದಿನ ಸತತ ನುಂಗಿ, ಗಂಜಿಯ ತಿಳಿಯೂ ಇಳಿಯದ ಬಾಯಿಯೊಂದಿಗೆ ನನ್ನ ಅಂಗಡಿಯ ಮುಂದೆ ನಿಂತಿದ್ದರು. ಬದುಕಿದರು. ಅಂದಿನಿಂದ ನಾನು ಮೆಥೋಟ್ರೆಕ್ಸೇಟ್ ಕೊಡುವಾಗ ಸ್ಟ್ರಿಪ್‌ನ ಹಿಂದೆ ಪೆನ್ನಿನಲ್ಲಿ ವಾರದ ಹೆಸರು ಬರೆಯುತ್ತೇನೆ. ಅಕ್ಕನದು ಬುಧವಾರ, ನಮ್ಮ ಪೇಟೆಯ ಸಂತೆಯ ದಿನ, ಮರೆಯುವ ಹಾಗಿಲ್ಲ. ವಾರಕ್ಕೊಮ್ಮೆಯ ಔಷಧ ಬರೆಯುವಾಗ ಚೀಟಿಯಲ್ಲಿ ದಿನದ ಹೆಸರು ಕನ್ನಡದಲ್ಲಿ ಇರಲೇಬೇಕು ಎಂದು ನೀವೊಂದು ಸುತ್ತೋಲೆ ಹೊರಡಿಸಬಹುದೇ? ಒಂದು ಪುಟ ಸಾಕು.

ಅಂಗವೈಕಲ್ಯ ಪ್ರಮಾಣಪತ್ರದ ಮಾತು ನಿಮ್ಮ ಕೈ ಮೀರಿದ್ದು, ಗೊತ್ತು. 2016ರ ಕಾಯ್ದೆಯಲ್ಲಿ ಇಪ್ಪತ್ತೊಂದು ಬಗೆ ಇದೆ, ದೀರ್ಘಕಾಲದ ನೋವು ಅದರಲ್ಲಿಲ್ಲ. ಅಕ್ಕನಿಗೆ ಬೆರಳು ಸೊಟ್ಟಗಾದ ಮೇಲೆ ಶೇಕಡಾವಾರು ಸಿಕ್ಕಿತು. ಬೆರಳು ನೆಟ್ಟಗಿದ್ದು ಬೀಡಿ ಕಟ್ಟಲಾಗದಿದ್ದ ಮೂರು ವರ್ಷಕ್ಕೆ ಸೊನ್ನೆ. ಮೀನಿನವರಿಗೆ ಎಂದೆಂದಿಗೂ ಸೊನ್ನೆ.

ಅಕ್ಕ ಈಗ ಬೀಡಿ ಕಟ್ಟುವುದಿಲ್ಲ. ಔಷಧ ಶುರುವಾದ ನಂತರ ಹೊಸ ಕೀಲು ಕೆಟ್ಟಿಲ್ಲ, ಕೆಟ್ಟದ್ದು ಸರಿಯಾಗಿಲ್ಲ. ತೆಂಗಿನಕಾಯಿ ತುರಿಯುವ ಕೆಲಸ ಭಾವನ ಪಾಲಿಗೆ ಬಂದಿದೆ, ಅದರ ಬಗ್ಗೆ ಅವರದೇ ಪ್ರತ್ಯೇಕ ದೂರು ಇದೆ. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಅಕ್ಕ ಅಂಗಡಿಯಲ್ಲಿ ಕೂರುತ್ತಾಳೆ. ನೋವಿನ ಮಾತ್ರೆ ಕೇಳಿಕೊಂಡು ಬಂದವರಿಗೆ ಔಷಧ ಮುಟ್ಟಿ ಕೊಡುವ ಅಧಿಕಾರ ಅವಳಿಗಿಲ್ಲ, ಆದ್ದರಿಂದ ನಾನು ಬರುವ ತನಕ ಅವರನ್ನು ಕೂರಿಸಿಕೊಂಡು ಆ ಪ್ರಶ್ನೆ ಕೇಳುತ್ತಾಳೆ.

ಅದೇ ಪ್ರಶ್ನೆಯನ್ನು ಅಂಗೈಯಗಲದ ಚೀಟಿಯಲ್ಲಿ ಅಚ್ಚು ಹಾಕಿಸಿದ್ದೇನೆ. ಕನ್ನಡದಲ್ಲಿ ಒಂದು ಬದಿ, ಕನ್ನಡ ಲಿಪಿಯಲ್ಲೇ ತುಳುವಿನಲ್ಲಿ ಇನ್ನೊಂದು ಬದಿ. ನೋವಿನ ಮಾತ್ರೆ ಒಯ್ಯುವವರ ಕವರಿನೊಳಗೆ ಒಂದೊಂದು ಹಾಕಿ ಕೊಡುತ್ತಿದ್ದೇನೆ. ಒಂದು ಪ್ರತಿ ಇದರೊಂದಿಗೆ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ ಕಳುಹಿಸಿ. ಚೀಟಿಯ ಕೆಳಗೆ ‘ತಜ್ಞರು ಸಿಗುವ ಸ್ಥಳ, ವಾರ, ಸಮಯ’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ನೀವು ತಿಳಿಸಿದರೆ ತುಂಬಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬ್ರಹ್ಮಾವರ ತಾಲೂಕಿನ ಒಬ್ಬ ಔಷಧಿ ಅಂಗಡಿಯವನು